ಮಲೆನಾಡಿಗೆ ಹೊರಟಿದ್ದೀರಾ? ಮೊದಲು ಕಾಲಿನ ಕಡೆ ನೋಡಿ

ರಜೆ ಸಿಕ್ಕಿತು, ಹೋಂಸ್ಟೇ ಬುಕ್ ಆಯಿತು, ಛತ್ರಿ, ಜರ್ಕಿನ್ನು, ಕ್ಯಾಮೆರಾ ಎಲ್ಲ ಬ್ಯಾಗಿಗೆ ಹೋಯಿತು. ಕಾಲಿಗೆ ಮಾತ್ರ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಯಾವುದು ಸಿಕ್ಕಿತೋ ಅದು. ಶಿವಮೊಗ್ಗದ ಕಡೆ ಬರುವ ನೆಂಟರಿಷ್ಟರಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಇವತ್ತು ಜೋಗ, ನಾಳೆ ಕೊಡಚಾದ್ರಿ ಅಂತ ಹುರುಪಿನಲ್ಲಿ ಬಂದವರು ಎರಡನೇ ದಿನ ಮಧ್ಯಾಹ್ನಕ್ಕೇ ಹಿಮ್ಮಡಿ ಸುಲಿದುಕೊಂಡು ಕಾರಿನಲ್ಲಿ ಕೂತುಬಿಡುತ್ತಾರೆ. ಅಷ್ಟು ದೂರದಿಂದ ಬಂದು ಗುಡ್ಡದ ಬುಡದಲ್ಲಿ ಕೂರುವುದೆಂದರೆ ಹೊಟ್ಟೆ ಉರಿಯುತ್ತದೆ. ಸ್ವಲ್ಪ ಮುಂಚೆ ಯೋಚಿಸಿದರೆ ಇದನ್ನು ತಪ್ಪಿಸಬಹುದು.

ಇಲ್ಲಿ ಒಂದೇ ದಿನದಲ್ಲಿ ಕಾಲಿಗೆ ಜಂಬಿಟ್ಟಿಗೆ ಮಣ್ಣು, ಹಾವಸೆ (ಪಾಚಿ) ಹಿಡಿದ ಕಲ್ಲು, ಹಳ್ಳದ ನೀರು, ದೇವಸ್ಥಾನದ ಹಾಸುಗಲ್ಲು ಎಲ್ಲವೂ ಸಿಗುತ್ತವೆ. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿಗೆ ಒಂದು ಜೊತೆ ಸಾಲದು, ಎರಡು ಬೇಕು. ಹಗುರವಾದ, ಬೇಗ ಒಣಗುವ ಒಂದು ಜೊತೆ ಶೂ. ಹಿಮ್ಮಡಿಗೆ ಪಟ್ಟಿ ಇರುವ ಒಂದು ಜೊತೆ ಸ್ಯಾಂಡಲ್. ಎರಡೂ ದುಬಾರಿಯದೇ ಆಗಬೇಕಿಲ್ಲ. ಕಾಲಿಗೆ ಸರಿಯಾಗಿ ಕೂರಬೇಕು, ನೆನೆದರೆ ಬೇಗ ಒಣಗಬೇಕು. ಕಂಪನಿ, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಎಲ್ಲಿಗೆ, ಯಾವ ತಿಂಗಳು? ಮೊದಲು ಅದನ್ನು ಬರೆದುಕೊಳ್ಳಿ

ಜೋಗದಲ್ಲಿ ಮೇಲೆ ನಿಂತು ರಾಜ, ರಾಣಿ, ರೋರರ್, ರಾಕೆಟ್ ಅನ್ನುವ ನಾಲ್ಕು ಧಾರೆ ನೋಡಿ ವಾಪಸ್ ಬರುವುದಾದರೆ ಯಾವ ಚಪ್ಪಲಿಯಾದರೂ ಆದೀತು. ಕೆಳಗೆ ಇಳಿಯುವುದಾದರೆ ಲೆಕ್ಕ ಬೇರೆ. ಶರಾವತಿ ಅಲ್ಲಿ ಧುಮುಕುವುದು 253 ಮೀಟರ್. ಬುಡದ ತನಕ ಹೋಗಲು ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಪಾದ ಮುಂದಕ್ಕೆ ಜಾರಿ ಬೆರಳು ಶೂ ಮೂತಿಗೆ ಗುದ್ದುತ್ತದೆ. ಶೂ ಗಿಡ್ಡವಿದ್ದರೆ ಮೇಲೆ ಹತ್ತಿ ಬರುವಷ್ಟರಲ್ಲಿ ಹೆಬ್ಬೆರಳಿನ ಉಗುರು ನೋಯುತ್ತಿರುತ್ತದೆ, ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಮಳೆ ಜೋರಾಗಿರುವಾಗ ಆ ದಾರಿ ಮುಚ್ಚಿರುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೆಳದಿ ನಾಯಕರ ಕೋಟೆ. ದಾರಿ ಗದ್ದೆ ಬಯಲಿನಲ್ಲಿ ಶುರುವಾಗಿ ಮುಂದೆ ಕಲ್ಲು ಹಾಸಿದ ಏರಾಗುತ್ತದೆ. ಬೇಸಿಗೆಯಲ್ಲಿ ಸಲೀಸು. ಮಳೆಗಾಲದಲ್ಲಿ ಅದೇ ಕಲ್ಲುಗಳ ಮೇಲೆ ಹಾವಸೆ ಕಟ್ಟಿ, ನೋಡಲು ಹಸಿರಾಗಿ ಚೆಂದ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. 

ಕೊಡಚಾದ್ರಿ 1343 ಮೀಟರ್ ಎತ್ತರ. ಜೀಪ್ ಇದೆಯಲ್ಲ, ನಡೆಯುವುದೇನಿದೆ ಅಂತ ಬರಿ ಚಪ್ಪಲಿಯಲ್ಲಿ ಬರುವವರು ಬಹಳ. ಆದರೆ ಜೀಪ್ ಇಳಿದ ಮೇಲೆ ಸರ್ವಜ್ಞ ಪೀಠದ ತನಕ ನಡೆದೇ ಹತ್ತಬೇಕು. ಏರು ಕಡಿದು, ಸಡಿಲ ಮಣ್ಣು, ಚೂರು ಕಲ್ಲು. ಹತ್ತುವಾಗ ಗೊತ್ತಾಗುವುದಿಲ್ಲ. ಇಳಿಯುವಾಗ ಸವೆದ ಸೋಲ್ ಆ ಕಲ್ಲುಚೂರುಗಳ ಮೇಲೆ ಉರುಳುತ್ತದೆ.

ಇನ್ನು ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಲು ತುಂಗೆಯ ದಡಕ್ಕೆ ಇಳಿದರೆ ಕೆಸರು. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಶೃಂಗೇರಿ, ಘಟ್ಟದ ಕೆಳಗಿನ ಕೊಲ್ಲೂರು ಅಂತ ಹೊರಟರೆ ದಿನವಿಡೀ ಬಿಚ್ಚು, ಹಾಕು, ಬಿಚ್ಚು. ಅಲ್ಲಿ ಲೇಸು ಕಟ್ಟುವ ಶೂ ಬರೀ ತಲೆನೋವು, ಸ್ಯಾಂಡಲ್ ಆರಾಮ. ಹೀಗೆ ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಜಾಗದ ಮುಂದೆ ಮೆಟ್ಟಿಲಾ, ಕಲ್ಲಾ, ಕೆಸರಾ, ದೇವಸ್ಥಾನವಾ ಅಂತ ಬರೆದರೆ ಯಾವ ದಿನಕ್ಕೆ ಯಾವ ಜೊತೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ತಿಂಗಳು ಕೂಡ ಅಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲು ನೆನೆಯುವುದು ಗ್ಯಾರಂಟಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಬಿಟ್ಟಿದ್ದರೂ ಕಾನಿನ (ದಟ್ಟ ಕಾಡಿನ) ಒಳಗೆ ನೆಲ ಒದ್ದೆಯೇ. ಡಿಸೆಂಬರ್‌ನಿಂದ ಬೆಳಗಿನ ಇಬ್ಬನಿಗೆ ಹುಲ್ಲು ತೊಯ್ದಿರುತ್ತದೆ, ಬಿಸಿಲು ಏರಿದರೆ ಒಣಗುತ್ತದೆ. ಬೇಸಿಗೆಯಲ್ಲಿ ಒದ್ದೆಯ ಕಾಟ ಇಲ್ಲ, ಆದರೆ ಒಣ ದರಗು, ಅಂದರೆ ಉದುರಿದ ಎಲೆ, ಇಳಿಜಾರಿನಲ್ಲಿ ಹಾವಸೆಯಷ್ಟೇ ಜಾರುತ್ತದೆ. ಇದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ.

ವಾಟರ್‌ಪ್ರೂಫ್ ಶೂ ಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮಳೆ ನಾಡಿಗೆ ಹೋಗುತ್ತಿದ್ದೇವೆ, ನೀರು ಒಳಗೆ ಹೋಗದ ಶೂ ತಗೊಳ್ಳೋಣ ಅಂತ ಅನ್ನಿಸುವುದು ಸಹಜ. ಮಳೆಗಾಲದ ಮಲೆನಾಡಿಗೆ ಬೇಡ ಅನ್ನುವುದು ನನ್ನ ಸಲಹೆ.

ಕಾರಣ ಸರಳ. ಶೂ ಬಟ್ಟೆಯೊಳಗಿಂದ ನೀರು ಬರದಿದ್ದರೂ ಕಾಲು ತೂರಿಸುವ ಬಾಯಿ ತೆರೆದೇ ಇರುತ್ತದೆ. ಆಗುಂಬೆಯ ಮಳೆಯಲ್ಲಿ ನೀರು ಪ್ಯಾಂಟಿನಿಂದ ಇಳಿದು ಸಾಕ್ಸ್ ಹಿಡಿದು ನೇರ ಒಳಗೆ ಹೋಗುತ್ತದೆ. ದಾರಿಯಲ್ಲಿ ಮೊಣಕಾಲುದ್ದದ ಹಳ್ಳ ಸಿಕ್ಕಿದರೆ ಮುಗಿಯಿತು, ಮೇಲಿಂದಲೇ ತುಂಬಿಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಉಳಿದ ದಿನವೆಲ್ಲ ಒಂದೊಂದು ಹೆಜ್ಜೆಗೂ ಪಚ ಪಚ. ರಾತ್ರಿ ಒಣಗಿಸಲು ಇಟ್ಟರೆ ಬೆಳಿಗ್ಗೆ ಮುಟ್ಟಿದಾಗ ಇನ್ನೂ ತಣ್ಣಗೆ, ಒದ್ದೆ. ಜುಲೈನಲ್ಲಿ ಇಲ್ಲಿ ಒಂದು ಟವೆಲ್ ಒಣಗಲು ಎರಡು ದಿನ ಬೇಕು, ದಪ್ಪ ಶೂ ಎಲ್ಲಿಂದ ಒಣಗಬೇಕು?

ಜಾಲರಿ ಬಟ್ಟೆಯ ಓಟದ ಶೂ ಅಥವಾ ಟ್ರೇಲ್ ಶೂ ತಕ್ಷಣ ನೆನೆಯುತ್ತದೆ, ನಿಜ. ಆದರೆ ಹಳ್ಳ ದಾಟಿ ಸ್ವಲ್ಪ ನಡೆಯುವಷ್ಟರಲ್ಲಿ ನೀರು ಆಚೆ ಹಿಂಡಿಹೋಗಿರುತ್ತದೆ. ಕಾಲು ನೆನೆಯುತ್ತದೆ ಎಂದು ಒಪ್ಪಿಕೊಂಡೇ ಹೊರಡುವುದು ಮಲೆನಾಡಿನ ಮಳೆಗೆ ಸರಿಯಾದ ದಾರಿ. ಇಬ್ಬನಿಯ ಹುಲ್ಲಿನಲ್ಲಿ ಬೆಳಿಗ್ಗೆ ನಡೆಯುವ ಡಿಸೆಂಬರ್, ಜನವರಿಯ ಪ್ರವಾಸಕ್ಕಾದರೆ ವಾಟರ್‌ಪ್ರೂಫ್ ಶೂ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಶೂ ತೂಕದ ಬಗ್ಗೆಯೂ ಒಂದು ಮಾತು. ಪಾದದ ಮೇಲೆ ಭಾರ ಇದ್ದರೆ ಬೆನ್ನ ಮೇಲಿನ ಅಷ್ಟೇ ಭಾರಕ್ಕಿಂತ ಜಾಸ್ತಿ ಸುಸ್ತಾಗುತ್ತದೆ, ಯಾಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು. ಹಿಮಾಲಯದ ಫೋಟೋ ನೋಡಿ ದಪ್ಪ ಬೂಟು ತಂದವರು ಕುಂದಾದ್ರಿ ಬೆಟ್ಟಕ್ಕೆ ಕಾರಿನಲ್ಲಿ ಹೋಗಿ ಕೊನೆಯ ಮೆಟ್ಟಿಲಷ್ಟೇ ಹತ್ತುತ್ತಾರೆ. ದೊಡ್ಡ ಹೊರೆ ಹೊತ್ತು ಎರಡು ಮೂರು ದಿನ ಕಾಡಿನಲ್ಲಿ ನಡೆಯುವವರಿಗೆ, ಹಿಂದೆ ಕಾಲು ಉಳುಕಿ ಕೀಲು ಸಡಿಲ ಆಗಿರುವವರಿಗೆ ಮಾತ್ರ ಎತ್ತರದ ಬೂಟು.

ಗಂಬೂಟು ತೋಟದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹೋಂಸ್ಟೇಯವರ ಹತ್ತಿರ ಇಸಿದುಕೊಂಡು ಅಡಿಕೆ ತೋಟ ಸುತ್ತಿ ಬನ್ನಿ. ಉದ್ದ ನಡೆಯಲು ಬೇಡ. ಒಳಗೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತದೆ, ಮೀನಖಂಡಕ್ಕೆ ಅಂಚು ಉಜ್ಜುತ್ತದೆ, ಬೆವರು ಒಳಗೇ ಉಳಿಯುತ್ತದೆ.

ಹವಾಯಿ ಚಪ್ಪಲಿಯಲ್ಲಿ ನಮ್ಮ ಊರಿನವರು ದಿನಪೂರ್ತಿ ಗುಡ್ಡ ಹತ್ತಿ ಇಳಿಯುತ್ತಾರೆ. ಅವರ ಬೆರಳು ಚಪ್ಪಲಿಯನ್ನು ಬಿಗಿಯಾಗಿ ಹಿಡಿಯುವುದನ್ನು ಚಿಕ್ಕಂದಿನಿಂದ ಕಲಿತಿದೆ, ಪಾದ ಗಟ್ಟಿಯಾಗಿದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವ ಕಾಲು ಅದನ್ನು ಒಂದು ದಿನದಲ್ಲಿ ಕಲಿಯುವುದಿಲ್ಲ. ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮೇಲಾಗಿ ಮಳೆಯಲ್ಲಿ ನಡೆದರೆ ಹಿಂದಿನಿಂದ ಕೆಸರು ಸಿಡಿದು ಬಟ್ಟೆಯೆಲ್ಲ ಚುಕ್ಕಿ ಚುಕ್ಕಿ. ಹೋಂಸ್ಟೇಯ ಅಂಗಳದಲ್ಲಿ, ಬಚ್ಚಲಿಗೆ ಓಡಾಡಲು ಇರಲಿ. ಹಿಮ್ಮಡಿ ಎತ್ತರ ಇರುವ ಚಪ್ಪಲಿ ಮದುವೆ ಮನೆಗೆ, ಇಲ್ಲಿಗೆ ಬೇಡವೇ ಬೇಡ.

ಅಂಗಡಿಯಲ್ಲಿ ಏನು ಮಾಡಬೇಕು

ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಬೆಳಗಿಗಿಂತ ಸ್ವಲ್ಪ ಊದಿರುತ್ತದೆ, ಪ್ರವಾಸದಲ್ಲೂ ಹಾಗೇ ಆಗುತ್ತದೆ. ನಡೆಯುವಾಗ ಯಾವ ಸಾಕ್ಸ್ ಹಾಕುತ್ತೀರೋ ಅದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಕೊಡುವ ತೆಳ್ಳನೆಯ ಸಾಕ್ಸ್‌ನಲ್ಲಿ ನೋಡಿದರೆ ಅಳತೆ ತಪ್ಪುತ್ತದೆ.

ಎರಡೂ ಕಾಲಿಗೆ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಇರುತ್ತದೆ, ಉದ್ದದ ಪಾದಕ್ಕೆ ಸರಿಯಾದ ಅಳತೆ ಕೊಳ್ಳಿ. ನಿಂತುಕೊಂಡಾಗ ಅತಿ ಉದ್ದದ ಬೆರಳಿನ ಮುಂದೆ ನಿಮ್ಮ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಕೆಲವರಿಗೆ ಕಾಲಿನ ಎರಡನೇ ಬೆರಳೇ ಉದ್ದ, ಹಾಗಿದ್ದರೆ ಅದರಿಂದ ಅಳೆಯಿರಿ. ಬೆರಳುಗಳು ಒಳಗೆ ಆರಾಮಾಗಿ ಅಲ್ಲಾಡಬೇಕು. ಹಿಮ್ಮಡಿ ಮಾತ್ರ ಅಲ್ಲಾಡಬಾರದು.

ಶಿವಮೊಗ್ಗದ ಗಾಂಧಿಬಜಾರಿನಲ್ಲೋ ನೆಹರೂ ರೋಡಿನಲ್ಲೋ ಒಂದು ಶನಿವಾರ ಸಂಜೆ ಶೂ ಅಂಗಡಿಗೆ ಹೋದರೆ ಈ ಮಾತು ಕೇಳದೆ ಬರಲಾರಿರಿ: "ಮೊದ್ಲು ಸ್ವಲ್ಪ ಬಿಗಿ ಇರುತ್ತೆ ಸರ್, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ." ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಚರ್ಮದ ಕಾಲದ ಮಾತು ಅದು. ಒಳ್ಳೆ ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ. ಉದ್ದಕ್ಕೆ ಚರ್ಮವೂ ಹಿಗ್ಗುವುದಿಲ್ಲ. ಈಗಿನ ಸಿಂತೆಟಿಕ್ ಶೂಗಳು ಯಾವ ಕಡೆಗೂ ಅಷ್ಟಾಗಿ ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಕಿರುಬೆರಳು ಒತ್ತಿದರೆ ಕವಲೇದುರ್ಗದಲ್ಲೂ ಒತ್ತುತ್ತದೆ. ನಯವಾಗಿ "ಇನ್ನೊಂದು ನಂಬರ್ ತೋರಿಸಿ" ಎನ್ನಿ.

ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರ ಪಾದ ಮುಂಭಾಗದಲ್ಲಿ ಅಗಲ ಇರುತ್ತದೆ. ಚೂಪು ಮೂತಿಯ ಶೂ ಅವರಿಗೆ ಯಾವ ನಂಬರಿನಲ್ಲೂ ಸರಿಯಾಗುವುದಿಲ್ಲ. ಒಂದು ಸುಲಭ ಪರೀಕ್ಷೆ ಇದೆ. ಶೂ ಒಳಗಿನ ಹಾಸನ್ನು ತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಪಾದದ ಅಂಚು ಹಾಸಿನಿಂದ ಆಚೆ ಚಾಚಿಕೊಂಡರೆ ಆ ಶೂ ನಿಮ್ಮದಲ್ಲ.

ಆಮೇಲೆ ಶೂವನ್ನು ಕೈಯಲ್ಲಿ ಹಿಡಿದು ಮೂತಿ ಮತ್ತು ಹಿಮ್ಮಡಿ ಒತ್ತಿ ಬಗ್ಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಪಾದಕ್ಕೆ ಆಧಾರ ಇಲ್ಲ ಅಂತ ಅರ್ಥ. ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಸ್ವಲ್ಪ ತಡೆಯಬೇಕು. ಹಿಮ್ಮಡಿಯ ಹಿಂಭಾಗವನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು. ಸೋಲ್ ತಿರುಗಿಸಿ ಅಚ್ಚು ನೋಡಿ: ಕೆಸರಿಗೆ ಬಿಡಿ ಬಿಡಿಯಾದ ಆಳದ ಹಲ್ಲು ಬೇಕು, ಹತ್ತಿರ ಹತ್ತಿರ ಇದ್ದರೆ ಮಣ್ಣು ಮೆತ್ತಿ ಸಪಾಟಾಗುತ್ತದೆ. ಒದ್ದೆ ಕಲ್ಲಿಗೆ ಆಳಕ್ಕಿಂತ ರಬ್ಬರಿನ ಗುಣ ಮುಖ್ಯ. ಉಗುರಿನಿಂದ ಒತ್ತಿದಾಗ ಸ್ವಲ್ಪ ಒತ್ತಿಕೊಳ್ಳುವ ಮೆತ್ತನೆ ರಬ್ಬರು ಕಲ್ಲನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಇರುವುದು ಜಾರುತ್ತದೆ. ಹಾವಸೆಯ ಮೇಲೆ ಮಾತ್ರ ಯಾವ ಸೋಲೂ ನಿಲ್ಲುವುದಿಲ್ಲ. ಅಲ್ಲಿ ನಡೆಯುವ ರೀತಿಯೇ ಕಾಪಾಡಬೇಕು. ಚಿಕ್ಕ ಹೆಜ್ಜೆ, ಪೂರ್ತಿ ಪಾದ ಊರಿ, ಕಲ್ಲುಗಳ ಸಂದಿಯ ಮಣ್ಣು, ಹುಲ್ಲು ಇರುವಲ್ಲಿ ಕಾಲಿಡಿ.

ಕೊನೆಯದಾಗಿ ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಸಮತಟ್ಟು ನೆಲದಲ್ಲಿ ಹತ್ತು ಹೆಜ್ಜೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಬೆರಳು ಮುಂದೆ ತಾಗಿದರೆ ಬೇಡ. ಜೋಗದಲ್ಲಿ ಸಾವಿರ ಸಲ ಆಗುವುದು ಇಲ್ಲಿ ನಾಲ್ಕೇ ಮೆಟ್ಟಿಲಲ್ಲಿ ತಿಳಿಯುತ್ತದೆ.

ಆನ್‌ಲೈನ್‌ನಲ್ಲಿ ತರಿಸುವವರು ಸಂಜೆ ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಬೆರಳ ತುದಿಗೆ ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಅಳೆದುಕೊಳ್ಳಿ. ನಮ್ಮ ಅಂಗಡಿಗಳ 7, 8, 9 ಬ್ರಿಟಿಷ್ ಅಳತೆ. ಅಮೆರಿಕದ ಗಂಡಸರ ಅಳತೆ ಸುಮಾರು ಒಂದು ನಂಬರ್ ಜಾಸ್ತಿ ಬರುತ್ತದೆ, ಯುರೋಪಿನದು 41, 42 ಹೀಗಿರುತ್ತದೆ. ಸೆಂಟಿಮೀಟರ್ ಕೊಟ್ಟಿದ್ದರೆ ಅದನ್ನೇ ನಂಬಿ. ವಾಪಸ್ ಕಳಿಸುವ ಅವಕಾಶ ಇದೆಯೋ ನೋಡಿಕೊಂಡು, ಮನೆಯೊಳಗೆ ಮಾತ್ರ ಹಾಕಿ ಪರೀಕ್ಷಿಸಿ.

ಸ್ಯಾಂಡಲ್‌ಗೂ ಇದೇ ನಿಯಮ. ಹಿಮ್ಮಡಿಯ ಪಟ್ಟಿ, ಮುಂಗಾಲಿನ ಪಟ್ಟಿ ಎರಡನ್ನೂ ಬಿಗಿ ಸಡಿಲ ಮಾಡುವ ಹಾಗಿರಲಿ. ಪಟ್ಟಿಯ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಹೊಲಿಗೆ ಗಂಟು ತಾಗಿದರೆ ಅದು ನೆನೆದ ಕಾಲಿನ ಚರ್ಮವನ್ನು ಸುಲಿಯುತ್ತದೆ.

ಹಳೇ ಶೂ ಇದೆಯಲ್ಲ?

ಇದ್ದರೆ ಒಳ್ಳೆಯದೇ. ಕಾಲಿಗೆ ಹೊಂದಿದ ಹಳೇ ಶೂಗಿಂತ ಆರಾಮ ಬೇರೆ ಇಲ್ಲ. ಆದರೆ ಎರಡು ಮೂರು ವರ್ಷ ಅಟ್ಟದ ಮೇಲೆ, ಡಬ್ಬದಲ್ಲೇ ಉಳಿದ ಶೂ ಆದರೆ ಹುಷಾರು. ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಸೋಲ್ ಗಾಳಿಯ ತೇವಕ್ಕೆ ಒಳಗೊಳಗೇ ಮುರಿದುಹೋಗುತ್ತದೆ. ಹಾಕದೇ ಇಟ್ಟರೂ ಆಗುತ್ತದೆ. ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ಹಾಕಿಕೊಂಡು ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸೋಲ್ ರಸ್ಕಿನ ಹಾಗೆ ಪುಡಿಯಾಗಿ ದಾರಿಯುದ್ದಕ್ಕೂ ಉದುರುತ್ತದೆ. ಮಳೆನಾಡಿನ ಮನೆಗಳಲ್ಲಿ ಇದು ಜಾಸ್ತಿ. ಹೊರಡುವ ಎರಡು ವಾರ ಮುಂಚೆ ತೆಗೆದು, ಸೋಲಿನ ಬದಿಯನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ, ಚೆನ್ನಾಗಿ ಬಗ್ಗಿಸಿ ನೋಡಿ. ಬಿರುಕು, ಪುಡಿ, ಅಂಟು ಅಂಟು ಕಂಡರೆ ಬಿಟ್ಟುಬಿಡಿ.

ಸೋಲ್ ಗಟ್ಟಿ ಇದ್ದರೂ ಬರೀ ಗೋಂದಿನಲ್ಲಿ ಅಂಟಿಸಿದ್ದಾದರೆ, ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು ಸುತ್ತಲೂ ಹೊಲಿಗೆ ಹಾಕಿಸಿ. ಅವರು ದಪ್ಪ ದಾರಕ್ಕೆ ಮೇಣ ಸವರಿ, ಸೋಲಿನ ಅಂಚಿನಲ್ಲಿ ಅರಿಗೆಯಿಂದ ತೂತು ಮಾಡಿ ಒಂದೊಂದೇ ಹೊಲಿಗೆ ಎಳೆದು ಬಿಗಿಯುವುದನ್ನು ನಿಂತು ನೋಡಿ, ಎಂಥ ಕಸುಬು ಅದು! ಮಳೆಗೆ ಗೋಂದು ಬಿಟ್ಟರೂ ಈ ಹೊಲಿಗೆ ಬಿಡುವುದಿಲ್ಲ. ಹೊಸ ಸ್ಯಾಂಡಲ್‌ಗೂ ಹಾಕಿಸಬಹುದು. ಆಗುಂಬೆ ಕಾಡಿನ ನಡುವೆ ಸೋಲ್ ಬಾಯಿಬಿಟ್ಟರೆ ರಿಪೇರಿಗೆ ಯಾರೂ ಸಿಗುವುದಿಲ್ಲ, ಅಲ್ವಾ?

ಸೋಲಿನ ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ, ಅಚ್ಚು ಅಳಿಸಿ ಸಪಾಟಾಗಿದ್ದರೆ ಆ ಶೂ ಊರಲ್ಲಿ ವಾಕಿಂಗಿಗೆ ಇರಲಿ.

ಹೊಸದನ್ನು ಪಳಗಿಸಿ

ಹೊಸ ಶೂವನ್ನು ಪ್ರವಾಸದ ಮೊದಲ ದಿನವೇ ಹಾಕಬೇಡಿ. ಮೊದಲು ಮನೆಯೊಳಗೆ ಒಂದೆರಡು ಗಂಟೆ. ಆಮೇಲೆ ಮಾರ್ಕೆಟ್ಟಿಗೆ, ಹಾಲು ತರಲು. ಆಮೇಲೆ ಒಂದು ಗಂಟೆಯ ನಡಿಗೆ. ಕೊನೆಗೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಮೆಟ್ಟಿಲೋ ದಿಬ್ಬವೋ ಇರುವ ಕಡೆ ಒಂದು ಉದ್ದದ ನಡಿಗೆ. ಎಲ್ಲಿ ಕಚ್ಚುತ್ತದೆ ಅನ್ನುವುದು ಇಷ್ಟರಲ್ಲಿ ಗೊತ್ತಾಗುತ್ತದೆ. ಎರಡು ವಾರ ಸಾಕು. ಮಳೆಗಾಲದ ಪ್ರವಾಸವಾದರೆ ಒಂದು ಸಲ ಬೇಕಂತಲೇ ಶೂ ನೆನೆಸಿಕೊಂಡು ನಡೆದು ನೋಡಿ. ಒಣಗಿದ್ದಾಗ ಕಚ್ಚದ ಶೂ ನೆನೆದಾಗ ಕಚ್ಚಬಹುದು, ಯಾಕೆಂದರೆ ಆಗ ಚರ್ಮ ಮೆತ್ತಗಾಗಿರುತ್ತದೆ.

ಹೊರಡುವ ಎರಡು ದಿನ ಮುಂಚೆ ಕಾಲುಗುರು ನೇರವಾಗಿ ಕತ್ತರಿಸಿಕೊಳ್ಳಿ. ಅಂಚು ತೀರಾ ಒಳಗೆ ತೆಗೆಯಬೇಡಿ.

ಸಾಕ್ಸ್

ಪೂರ್ತಿ ಹತ್ತಿಯ ಸಾಕ್ಸ್ ನೆನೆದರೆ ಒಣಗುವುದೇ ಇಲ್ಲ, ಮುದ್ದೆಯಾಗಿ ಹಿಮ್ಮಡಿಯಲ್ಲಿ ಮಡಿಕೆ ಬೀಳುತ್ತದೆ. ಆ ಮಡಿಕೆಯೇ ನೀರುಗುಳ್ಳೆ ಏಳಿಸುವುದು. ಸಿಂತೆಟಿಕ್ ಅಥವಾ ಉಣ್ಣೆ ಬೆರೆತ ಸಾಕ್ಸ್ ತಗೊಳ್ಳಿ. ದಿನಕ್ಕೆ ಎರಡು ಜೊತೆ ಲೆಕ್ಕ ಹಾಕಿ. ಒಂದು ಕಾಲಲ್ಲಿ, ಇನ್ನೊಂದು ಪ್ಲಾಸ್ಟಿಕ್ ಕವರಿನೊಳಗೆ ಬ್ಯಾಗಿನಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಾಗ ಶೂ ಬಿಚ್ಚಿ, ಕಾಲು ಒರೆಸಿ, ಗಾಳಿಗೆ ಬಿಟ್ಟು, ಸಾಕ್ಸ್ ಬದಲಿಸಿ. ಇದೊಂದನ್ನು ಮಾಡಿದರೆ ಅರ್ಧ ತೊಂದರೆ ಕಮ್ಮಿ.

ಇಂಬಳ

ಮಳೆಗಾಲದ ಕಾಡಿಗೆ ಹೋದರೆ ಇಂಬಳ, ಅಂದರೆ ಜಿಗಣೆ, ಹತ್ತುತ್ತದೆ. ಹೆದರಬೇಡಿ. ಒಂದೆರಡು ಹೀರಿದರೆ ಏನೂ ಆಗುವುದಿಲ್ಲ. ಕಚ್ಚುವಾಗ ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಒಂದು ರಸ ಬಿಡುತ್ತದೆ. ಹಾಗಾಗಿ ಅದು ಬಿಟ್ಟ ಮೇಲೂ ತುಂಬಾ ಹೊತ್ತು ರಕ್ತ ಸೋರುತ್ತದೆ, ನೋಡಲು ಗಾಬರಿಯಾಗುತ್ತದೆ ಅಷ್ಟೇ.

ಶೂ ಹಾಕಿದರೆ ಇಂಬಳದಿಂದ ಬಚಾವ್ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಲೇಸಿನ ತೂತು, ಸಾಕ್ಸಿನ ಹೆಣಿಗೆಯ ಸಂದಿಯಿಂದ ತೂರಿಕೊಳ್ಳುತ್ತದೆ. ಒಳಗೆ ಹೋದದ್ದು ಸಂಜೆ ಶೂ ಬಿಚ್ಚುವ ತನಕ ಗೊತ್ತೇ ಆಗುವುದಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಸಾಕ್ಸ್ ಸಿಗುತ್ತವೆ, ಮೊಣಕಾಲಿನ ತನಕ ಬರುತ್ತವೆ. ಮಾಮೂಲಿ ಸಾಕ್ಸ್ ಮೇಲೆ ಅದನ್ನು ಹಾಕಿ ಪ್ಯಾಂಟನ್ನು ಒಳಗೆ ಸೇರಿಸಿ. ಸಿಗದಿದ್ದರೆ ಸಾಕ್ಸ್ ಮತ್ತು ಶೂ ಬಾಯಿಗೆ ಹೊಗೆಸೊಪ್ಪಿನ ಪುಡಿಯೋ ಉಪ್ಪೋ ಸವರುತ್ತಾರೆ. ಜೋರು ಮಳೆಗೆ ಅದು ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ನಮ್ಮ ಊರಿನ ಹಿರಿಯರು ಕಾಡಿಗೆ ಚಪ್ಪಲಿಯಲ್ಲೇ ಹೋಗುತ್ತಾರೆ. ಹತ್ತಿದ ಇಂಬಳ ಕಣ್ಣಿಗೆ ಕಾಣುತ್ತದೆ, ಕಚ್ಚುವ ಮುಂಚೆಯೇ ಕಿತ್ತೆಸೆಯಬಹುದು ಅನ್ನುವುದು ಅವರ ಲೆಕ್ಕ. ಅದರಲ್ಲಿ ಹುರುಳಿದೆ. ಚಿಕ್ಕ, ಸಮತಟ್ಟಾದ ದಾರಿಯಾದರೆ ನಾನೂ ಸ್ಯಾಂಡಲ್ಲೇ ಹಾಕುತ್ತೇನೆ.

ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಅದರ ಮೇಲೆ ಉಪ್ಪು ಸುರಿಯಬೇಡಿ. ಉಪ್ಪು ಬಿದ್ದಾಗ ಅದು ಹೀರಿದ್ದನ್ನು ಗಾಯದೊಳಕ್ಕೇ ಕಕ್ಕಿ ನಂಜಾಗಬಹುದು. ಬಾಯಿ ಅಂಟಿರುವ ಜಾಗದಲ್ಲಿ ಉಗುರು ತೂರಿಸಿ ಮೆಲ್ಲಗೆ ಸರಿಸಿ ಬಿಡಿಸಿ. ಸೋಪು ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ನಡೆಯುವಾಗ

ಹತ್ತುವ ಮುಂಚೆ ಲೇಸು ಮೇಲ್ಭಾಗದಲ್ಲಿ ಸ್ವಲ್ಪ ಸಡಿಲ ಮಾಡಿ. ಇಳಿಯುವ ಮುಂಚೆ ನಿಂತು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಗಿಣ್ಣಿನ ಹತ್ತಿರ ಬಿಗಿಯಾಗಿ ಕಟ್ಟಿ. ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದು ತೂತು ಖಾಲಿ ಇರುತ್ತದೆ, ನೋಡಿದ್ದೀರಾ? ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಎರಡೂ ಕಡೆ ಚಿಕ್ಕ ಕುಣಿಕೆ ಮಾಡಿ. ಎಡದ ಲೇಸನ್ನು ಬಲದ ಕುಣಿಕೆಗೆ, ಬಲದ್ದನ್ನು ಎಡದ ಕುಣಿಕೆಗೆ ಹಾಕಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡುವುದು ನಿಲ್ಲುತ್ತದೆ, ಬೆರಳು ಮುಂದೆ ಗುದ್ದುವುದಿಲ್ಲ. ಜೋಗದ ಮೆಟ್ಟಿಲಿಗೆ ಇದನ್ನು ಕಟ್ಟದೆ ಇಳಿಯಬೇಡಿ.

ಕಾಲಿನಲ್ಲಿ ಎಲ್ಲೋ ಒಂದು ಕಡೆ ಬೆಚ್ಚಗೆ ಉರಿ ಶುರುವಾದರೆ ತಕ್ಷಣ ನಿಲ್ಲಿ. "ಮೇಲೆ ಹೋಗಿ ನೋಡೋಣ" ಅನ್ನಬೇಡಿ. ಶೂ ಬಿಚ್ಚಿ, ಒರೆಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಪೇಪರ್ ಟೇಪನ್ನು ಸುಕ್ಕಿಲ್ಲದ ಹಾಗೆ ಅಂಟಿಸಿ. ಎಲ್ಲಿ ಕಚ್ಚುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬೆಳಿಗ್ಗೆ ಒಣಗಿದ ಕಾಲಿಗೆ ಅಂಟಿಸಿಕೊಂಡೇ ಹೊರಡಿ, ನೆನೆದ ಮೇಲೆ ಟೇಪ್ ಹಿಡಿಯುವುದಿಲ್ಲ. ಗುಳ್ಳೆ ಎದ್ದೇಬಿಟ್ಟರೆ ಒಡೆಯಬೇಡಿ. ಮೇಲಿನ ಚರ್ಮವೇ ಅದಕ್ಕೆ ರಕ್ಷೆ. ಮುಚ್ಚಿ, ಮಾರನೇ ದಿನ ಸ್ಯಾಂಡಲ್ ಹಾಕಿ. ಎರಡನೇ ಜೊತೆ ತನ್ನಿ ಅಂದದ್ದು ಇದಕ್ಕೂ ಹೌದು: ಶೂ ಒತ್ತುವ ಜಾಗದಲ್ಲಿ ಸ್ಯಾಂಡಲ್ ಒತ್ತುವುದಿಲ್ಲ.

ದೇವಸ್ಥಾನಗಳಲ್ಲಿ ಬೇಸಿಗೆಯ ಮಧ್ಯಾಹ್ನ ಅಂಗಳದ ಕಲ್ಲು ಕೆಂಡದಂತೆ ಕಾಯುತ್ತದೆ. ಬೆಳಿಗ್ಗೆಯೇ ಹೋಗಿ. ಚಪ್ಪಲಿ ಹಾಕಿಡಲು ಒಂದು ಬಟ್ಟೆ ಚೀಲ ಇರಲಿ. ಮಳೆಯಲ್ಲಿ ಹೊರಗೆ ಬಿಟ್ಟದ್ದು ನೆನೆದು ತೊಪ್ಪೆಯಾಗಿರುತ್ತದೆ.

ಸಂಜೆ ಒಣಗಿಸುವುದು

ಒಳಹಾಸು ತೆಗೆಯಿರಿ, ಲೇಸು ಪೂರ್ತಿ ಸಡಿಲ ಮಾಡಿ, ಕೆಸರು ತೊಳೆದು, ಒಳಗೆ ಹಳೇ ಪೇಪರ್ ತುರುಕಿ. ಒಂದು ಗಂಟೆಗೆ ಪೇಪರ್ ಒದ್ದೆಯಾಗುತ್ತದೆ, ತೆಗೆದು ಬೇರೆ ತುರುಕಿ. ಮಲಗುವ ಮುಂಚೆ ಮತ್ತೊಮ್ಮೆ. ಫ್ಯಾನ್ ಕೆಳಗೆ ಇಡಿ.

ಮಲೆನಾಡಿನ ಮನೆಯಲ್ಲಿ ಬಚ್ಚಲೊಲೆ ಇರುತ್ತದೆ. ಮಳೆಗಾಲದಲ್ಲಿ ಅದರ ಸುತ್ತ ಬಟ್ಟೆ ಹರವಿರುತ್ತಾರೆ, ಬೆಚ್ಚಗೆ ಹೊಗೆ ವಾಸನೆ ಬರುತ್ತಿರುತ್ತದೆ. ಶೂವನ್ನೂ ಅಲ್ಲೇ ಇಡೋಣ ಅನ್ನಿಸುತ್ತದೆ. ಒಲೆಯ ಬಾಯಿಯ ಹತ್ತಿರ ಇಡಬೇಡಿ. ಬಿಸಿಗೆ ಗೋಂದು ಕರಗಿ ಸೋಲ್ ಬಿಡುತ್ತದೆ, ಚರ್ಮ ಸೆಟೆದು ಬಿರಿಯುತ್ತದೆ. ಅದೇ ಬಚ್ಚಲಮನೆಯ ದೂರದ ಗೋಡೆಗೆ, ಕೈಗೆ ಹಿತವಾದ ಬೆಚ್ಚಗಿರುವ ಜಾಗದಲ್ಲಿ ಇಡಿ, ಬೆಳಿಗ್ಗೆಗೆ ಮುಕ್ಕಾಲು ಒಣಗಿರುತ್ತದೆ.

ಕಾಲಿಗೂ ಆರೈಕೆ ಬೇಕು. ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿ. ದಿನವಿಡೀ ಒದ್ದೆಯಲ್ಲಿದ್ದರೆ ಸಂದಿ ಬೆಳ್ಳಗಾಗಿ, ತುರಿಸಿ, ಸುಲಿಯುತ್ತದೆ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಸಂದಿಗಳಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರಲಿ.

ಬೆಳಿಗ್ಗೆ ಹಾಕುವ ಮುಂಚೆ ಶೂವನ್ನು ತಲೆಕೆಳಗಾಗಿ ಹಿಡಿದು ಕೊಡವಿ. ಜಗಲಿಯಲ್ಲಿಟ್ಟ ಶೂ ಒಳಗೆ ಕಪ್ಪೆ, ಚೇಳು, ಜರಿ ಸೇರಿಕೊಳ್ಳುವುದು ಇಲ್ಲಿ ಮಾಮೂಲು, ಒಮ್ಮೊಮ್ಮೆ ಚಿಕ್ಕ ಹಾವು ಕೂಡ. ಇಲ್ಲಿಯ ಮಕ್ಕಳಿಗೂ ಇದು ಅಭ್ಯಾಸವಾಗಿರುತ್ತದೆ, ನೀವೂ ಮರೆಯಬೇಡಿ.

ಜೊತೆಯಲ್ಲಿ ಹಿರಿಯರು, ಮಕ್ಕಳು ಇದ್ದರೆ

ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಮ್ಮಿ ಇರಬಹುದು. ಶೂ ಕಚ್ಚಿದರೂ, ಕಲ್ಲು ಚುಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ. ಹೊಸ ಶೂ ಕೊಳ್ಳುವ ಮುಂಚೆ ಡಾಕ್ಟರ ಹತ್ತಿರ ಪಾದ ತೋರಿಸಿ. ಹಾಕುವ ಮುಂಚೆ ಕೈ ತೂರಿಸಿ ಒಳಗೆ ಸವರಿ ನೋಡಿ. ರಾತ್ರಿ ದೀಪದ ಬೆಳಕಲ್ಲಿ ಎರಡೂ ಅಂಗಾಲನ್ನು ಮನೆಯವರು ಯಾರಾದರೂ ನೋಡಲಿ. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ಅವರನ್ನು ನಡೆಸಬೇಡಿ. ಬೆಳಗಿನ ಪೂಜೆಯ ಹೊತ್ತಿಗೆ ಕರೆದುಕೊಂಡು ಹೋಗಿ.

ಅಮ್ಮ, ಅತ್ತೆ, ಅಜ್ಜಿ ಸೀರೆಯಲ್ಲಿ ಬರುತ್ತಾರೆ. ಶೂ ಹಾಕಿ ಅಂದರೆ ಸಂಕೋಚ. ಒತ್ತಾಯ ಮಾಡಬೇಡಿ. ಹಿಮ್ಮಡಿ ಪಟ್ಟಿಯ, ವೆಲ್‌ಕ್ರೋ ಇರುವ, ಬಗ್ಗದೆ ಹಾಕಿಕೊಳ್ಳಬಹುದಾದ ಸ್ಯಾಂಡಲ್ ಕೊಡಿಸಿ. ಸೀರೆಯನ್ನು ಗಿಣ್ಣಿಗಿಂತ ಒಂದಿಷ್ಟು ಮೇಲೆ ಉಡಲು ಹೇಳಿ, ಇಳಿಯುವಾಗ ಅಂಚು ಕಾಲಿಗೆ ಸಿಕ್ಕುವುದಿಲ್ಲ. ಮಂಡಿ ನೋವಿದ್ದರೆ ಒಂದು ಊರುಗೋಲು ಇರಲಿ. ಇಳಿಜಾರಿನಲ್ಲಿ ಅದು ಎಂಥ ಶೂಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಮಕ್ಕಳಿಗೆ "ಮುಂದಿನ ವರ್ಷಕ್ಕೂ ಆಗಲಿ" ಅಂತ ದೊಡ್ಡ ನಂಬರ್ ಕೊಡಿಸುವುದು ನಮ್ಮಲ್ಲಿ ರೂಢಿ. ಶಾಲೆಗೆ ಹೇಗೋ ನಡೆದೀತು. ಗುಡ್ಡಕ್ಕೆ ಬೇಡ. ಸಡಿಲ ಶೂನಲ್ಲಿ ಮಗು ಎಡವುತ್ತದೆ, ಹಿಮ್ಮಡಿ ಸುಲಿಯುತ್ತದೆ. ಆಮೇಲೆ ಗುಡ್ಡದಿಂದ ಹೊತ್ತು ಇಳಿಸಬೇಕಾದವರು ನೀವೇ. ಹೋದ ರಜೆಯಲ್ಲಿ ಸರಿಯಾಗಿದ್ದ ಶೂ ಈ ರಜೆಗೆ ಗಿಡ್ಡ ಆಗಿರಬಹುದು, ಹೊರಡುವ ವಾರ ಮುಂಚೆ ಹಾಕಿಸಿ ನೋಡಿ. ಮಕ್ಕಳು ಕೆಸರು ಕಂಡಲ್ಲಿ ಇಳಿಯುವುದು ಖಂಡಿತ, ಹಾಗಾಗಿ ಅವರಿಗೆ ಸಾಕ್ಸ್ ಎರಡರ ಬದಲು ಮೂರು ಜೊತೆ ಇಟ್ಟುಕೊಳ್ಳಿ.